ಮೊಳೆ ಸಾಲದ ದಿನ

ಗುಲಾಮನಿಗೆ ಅಕ್ಷರ ಕಲಿಸಕೂಡದು
ಎನ್ನುತ್ತದೆ ವರ್ಜೀನಿಯಾದ ಕಾನೂನು.
ಸರಿ.
ನಾನು ಕಲಿತದ್ದು ತಿರುವುಮುರುವು ಅಕ್ಷರ,
ಸೀಸದ್ದು, ತಣ್ಣಗಿನದು, ತಲೆಕೆಳಗಾಗಿ ನಿಂತದ್ದು.
ಅದರ ಬಗ್ಗೆ ಕಾನೂನು ಬಾಯಿ ಬಿಟ್ಟಿಲ್ಲ.

ಐಶಮ್ ನಾನು. ರಿಚ್‌ಮಂಡಿನ ಪೀಕ್ ಸಾಹೇಬರ ಅಚ್ಚುಕೂಟದಲ್ಲಿ
ಮೊಳೆ ಜೋಡಿಸುತ್ತೇನೆ. ವಾರಕ್ಕೆ ನಾಲ್ಕು ಡಾಲರ್ ದುಡಿಮೆ;
ಶನಿವಾರ ಅದು ಒಡತಿಯ ಮನೆಗೆ ನಡೆದು ಹೋಗುತ್ತದೆ,
ನನ್ನ ಕಾಲಲ್ಲೇ.

ಈ ತಿಂಗಳು ಕರ್ನಲ್ ವೈಕ್ ಬರೆದ ಪುಸ್ತಕ.
ದೊಡ್ಡ ಮನುಷ್ಯ, ಕೋಳಿ ಕೆದರಿದಂಥ ಕೈಬರಹ.
ಮೊದಲ ಅಧ್ಯಾಯ, ಸರ್ಕಾರದ ಮಿತಿ:
"ನನ್ನ ಹೊಸ್ತಿಲ ಹೊರಗೇ ನಿಲ್ಲಲಿ ಸರ್ಕಾರ,
ಟೋಪಿ ಕೈಯಲ್ಲಿ ಹಿಡಿದು."
ಜೋಡಿಸುತ್ತ ನಾನೂ ತಲೆದೂಗಿದೆ. ಒಳ್ಳೆಯ ಮಾತು.
ನನಗೊಂದು ಹೊಸ್ತಿಲಿದ್ದಿದ್ದರೆ ಅದರ ಮೇಲೇ ಕೆತ್ತಿಸುತ್ತಿದ್ದೆ.
ಮಂಗಳವಾರ ರಾತ್ರಿ ಗಸ್ತಿನವರು ಬಂದರು,
ಸರ್ಕಾರದ ಲಾಟೀನು, ಸರ್ಕಾರದ ಕುದುರೆ, ಸರ್ಕಾರದ ಸಂಬಳ,
ನಾನು ಮಲಗುವ ಹಲಗೆಯ ಅಡಿಗೂ ಇಣುಕಿ ಹೋದರು.
ಬಾಸ್ಟನ್ನಿಗೆ ಓಡಿದ ಹುಡುಗನ ಕತ್ತಿನವರೆಗೂ
ಚಾಚುತ್ತದಂತೆ ಆ ಕೈ.
ಇಷ್ಟು ಪುಟ್ಟ ಸರ್ಕಾರಕ್ಕೆ
ಅಷ್ಟುದ್ದದ ತೋಳು.

ಎರಡನೆಯದು, ಸ್ವತಂತ್ರ ಸಮಾಜ ಸೋತ ಬಗೆ:
ಮ್ಯಾಂಚೆಸ್ಟರಿನ ಗಿರಣಿಕೂಲಿಗೆ ಒಡೆಯನಿಲ್ಲ,
ಆದ್ದರಿಂದ ಮುಪ್ಪಿಗೆ ರೊಟ್ಟಿಯಿಲ್ಲ;
ನಮ್ಮವರಿಗೆ ಎರಡೂ ಉಂಟು.
ಇರಬಹುದು. ಯಾರ ಹಸಿವಿನ ಬಗ್ಗೆಯೂ ಹಗುರವಾಗಿ ಆಡಲಾರೆ.
ಆದರೆ ಹದಿನಾರು ವರ್ಷದಿಂದ
ಓಡಿಹೋದವರ ಜಾಹೀರಾತು ಜೋಡಿಸಿದ್ದೇನೆ,
ಹೆಗಲಿಗೆ ಗಂಟು ಹೊತ್ತು ಓಡುವ ಆ ಮರದ ಅಚ್ಚು
ನನ್ನ ಹೆಬ್ಬೆರಳಿಗೇ ಸವೆದಿದೆ:
ಮ್ಯಾಂಚೆಸ್ಟರಿನಿಂದ ಇತ್ತ ಓಡಿಬಂದವನು
ಒಬ್ಬನೂ ಸಿಕ್ಕಿಲ್ಲ.

ನಲವತ್ತೊಂದನೆಯ ಪುಟದಲ್ಲಿ ಎಲ್ ಮುಗಿಯಿತು.
ದೊಡ್ಡ ಎಲ್. ಕರ್ನಲ್ಲರಿಗೆ ಸಾಲಿಗೆ ಎರಡು ಲಿಬರ್ಟಿ ಬೇಕು,
ಕೋಪ ಬಂದ ಕಡೆ ಮೂರು.
ಪೆಟ್ಟಿಗೆಯ ಆ ಮನೆ ಬರಿದು, ಬೆರಳಿಗೆ ಧೂಳು.
"ಹಳೆಯದೇನಾದರೂ ಒಡೆ," ಎಂದರು ಪೀಕ್ ಸಾಹೇಬರು
ತಲೆಯೆತ್ತದೆ.

ಕಪಾಟಿನ ಮೂಲೆಯಲ್ಲಿ ದಾರ ಸುತ್ತಿ ಇಟ್ಟಿದ್ದೆ ಒಂದನ್ನು,
ಒಡೆಯಲಾರದೆ, ಮೂರು ಚಳಿಗಾಲ:
ಹರಾಜು. ಲಾಟ್ ಹನ್ನೊಂದು. ಡಾರ್ಕಸ್, ಇಪ್ಪತ್ತೆರಡು,
ಹೊಲಿಗೆ ಬಲ್ಲಳು, ಹಲ್ಲು ಗಟ್ಟಿ.
ಎಲ್ಲವೂ ಇತ್ತು ಅದರಲ್ಲಿ,
ನನ್ನ ತಂಗಿ ಎಂಬುದೊಂದನ್ನು ಬಿಟ್ಟು.
ಜೋಡಿಸಿದ್ದು ಈ ಕೈಯೇ,
ಒಂದು ಕಾಗುಣಿತದ ತಪ್ಪೂ ಇಲ್ಲದೆ.

ದಾರ ಬಿಚ್ಚಿದೆ. ಲಾಟಿನ ಎಲ್ ಎತ್ತಿದೆ,
ಪಾದದ ತುದಿ ಮುರಿದದ್ದು,
ಲಿಬರ್ಟಿಯ ತಲೆಗೆ ಇಟ್ಟೆ. ಸರಿಯಾಗಿ ಕೂತಿತು.
ಸೀಸಕ್ಕೇನು ಗೊತ್ತು.

ಸಂಜೆ ಕರಡು ತಿದ್ದುತ್ತ ಕರ್ನಲ್ಲರು ಉಗುರಿನಿಂದ ಗೀರಿದರು:
"ಇಲ್ಲಿ ಲಿಬರ್ಟಿ ಕುಂಟುತ್ತಿದೆ. ಬದಲಿಸು."
"ಬೇರೆ ಇಲ್ಲ, ದೊರೆ," ಎಂದೆ,
"ಇದ್ದದ್ದು ಇದೊಂದೇ."

ಡಾರ್ಕಸ್ ಎಂಬ ಆರು ಮೊಳೆಗಳನ್ನು ಮಾತ್ರ
ಪೆಟ್ಟಿಗೆಗೆ ಮರಳಿಸಲಿಲ್ಲ. ಜೇಬಿನಲ್ಲಿವೆ,
ನಡೆದರೆ ಸದ್ದು ಮಾಡುತ್ತವೆ.
ಕಳ್ಳತನ, ಹೌದು.
ನಾಳೆಯಿಂದ ಮೂರನೆಯ ಅಧ್ಯಾಯ:
ಆಸ್ತಿಯ ಪಾವಿತ್ರ್ಯ.