ದಾರವಿಲ್ಲದ ಗುಂಡಿ

ದುರ್ಗದಬೈಲಿನ ಹಿಂದಿನ ಓಣಿ.
ನಮ್ಮಪ್ಪನ ಜರಿ ಅಂಗಡಿ ಈಗ ನನ್ನ ಮೀನಿನ ಅಂಗಡಿ,
ಗೋಡಿಗೆ ಗೋಡಿ ಹಚ್ಚಿ ಮಕ್ತುಮಸಾಬರ ರಫೂ.
ಎಂಟು ದಿನಕ್ಕೊಮ್ಮೆ ಬರೋ ನಳದ ನೀರು ಹಿಡಿದು
ಬಕೀಟಿನ್ಯಾಗ ಉಪ್ಪು ಕಲಸಿ
ನಾನು ಸಮುದ್ರ ಮಾಡ್ತೀನಿ.
(ಖರೇ ಸಮುದ್ರ ನೋಡಿದ್ದು ಒಮ್ಮೆ, ಕಾರವಾರದಾಗ,
ಅದೂ ಬಸ್ಸಿನ ಕಿಟಕಿಯಿಂದ.)

ಆ ಸಮುದ್ರದಾಗ ಒಂದು ಕಲ್ಲು,
ಕಲ್ಲಿನ ಮ್ಯಾಲ ಗುಂಡಿ ಹವಳ:
ಅಂಗಿ ಗುಂಡಿಯಷ್ಟ ಅಗಲ, ನಡುವ ಹಸರು, ಸುತ್ತ ಕೆಂಪು ಝಾಲರು.
ತಂದಾಗ ಅರವತ್ತೆರಡು.
ಪಂಚಮಿಗೆ ಐವತ್ತೇಳು.
ಗಣಪತಿ ಕೂಡ್ರೂದ್ರಾಗ ನಲವತ್ತೆಂಟು.
ಉಪ್ಪು ತೂಗಿದೆ, ದೀಪ ಬದಲಿಸಿದೆ,
ಪಾಪದ ನೀಲಿ ಮೀನಿನ ಮ್ಯಾಲ ಕಳವು ಹೊರಿಸಿ
ಬ್ಯಾರೆ ತೊಟ್ಟಿಗೆ ಗಡಿಪಾರು ಮಾಡಿದೆ.
ಮರುದಿನ ಮತ್ತ ಎರಡು ಕಡಿಮಿ.

ಮಕ್ತುಮಸಾಬರು ಚಾ ಕುಡಿಯಾಕ ಬಂದ್ರು.
ನಲವತ್ತು ವರ್ಷ ಸುಟ್ಟ ಕೋಟು, ಇಲಿ ಕಡಿದ ಇಳಕಲ್ಲು,
ಬೀಡಿ ಕಿಡಿ ಬಿದ್ದ ಶಾಲು,
ಹರಿದಲ್ಲಿ ಹರಿದೇ ಇಲ್ಲ ಅನ್ನಿಸೋ ಕೆಲಸ.
ಯಾರಿಗೂ ಕಾಣದಿದ್ರ ಪೂರಾ ರೊಕ್ಕ,
ಕಂಡ್ರ ಅರ್ಧ.

ಕನ್ನಡಕ ಹಣಿಗೇರಿಸಿ
ಬಟ್ಟಿ ನೋಡಿದಂಗ ಕಲ್ಲು ನೋಡಿದ್ರು.
ಚಾ ಆರಿತು.
"ತಂಗಿ, ಲೈಟ್ ಆರಸು."

ಕತ್ತಲಾಗಿ ಗುಂಡಿಗೋಳು ಒಂದೊಂದ ಮುಚ್ಚಿದ್ವು.
ಒಂದು ಮುಚ್ಚಲಿಲ್ಲ.
ಸೂಜಿ ಚುಚ್ಚಿ ಗಟ್ಟಿಯಾದ ಬೆರಳು ಗಾಜಿಗೆ ತಾಗಿತು:
"ಇದಕ್ಕ ದಾರ ಇಲ್ಲ ನೋಡು."

ಚಿಮಟದಾಗ ಎತ್ತಿದೆ.
ಉಗುರಿನಷ್ಟ, ಚಿಪ್ಪಿಲ್ಲದ ಬಸವನಹುಳ,
ಬೆನ್ನ ತುಂಬ ಅದ ಝಾಲರು, ತುದಿಗೆ ಅದ ಹಸರು,
ತಿಂದದ್ದರ ಬಣ್ಣಾನ ಉಟ್ಟಿತ್ತು,
ಉಂಡ ಮನಿಯ ಸೀರಿ.

"ಕಳ್ಳ," ಅಂದೆ.
"ಕಸಬುದಾರ," ಅಂದ್ರು.

ಚಾದ ಗ್ಲಾಸ್ ತೊಳದು, ಸಮುದ್ರ ಹಾಕಿ ಬಿಟ್ವಿ.
ಬರೇ ಗಾಜಿನ್ಯಾಗ ಅದು ಎಲ್ಲಾರಿಗೂ ಕಂಡಿತು,
ಪೇಪರ್ ಹುಡುಗಗೂ, ಪಿಗ್ಮಿ ಏಜಂಟಗೂ.
ಮೂರನೇ ದಿನಕ್ಕ ಹಸರು ಇಳಿದು
ಒಗದು ಒಗದು ಸವದ ಕಾಲರಿನ ಬಣ್ಣ.
ಬ್ಯಾರೆ ಏನ ಕೊಟ್ರೂ ಮೂಸಲಿಲ್ಲ.

ನಾಕನೇ ದಿನ ಸಾಬರು
ಗ್ಲಾಸ್ ನೋಡಿದ್ರು, ನನ್ನ ನೋಡಿದ್ರು,
ಕಿಸೆದಾಗಿನ ಸಣ್ಣ ಕತ್ರಿ ಕೌಂಟರಿನ ಮ್ಯಾಲ ಇಟ್ಟು
ನಮಾಜಿಗೆ ಹ್ವಾದ್ರು.

ನಲವತ್ತಾರರಾಗ ಒಂದು ಬಿಡಿಸಿದೆ,
ಕೈಗವಸು ಹಾಕ್ಕೊಂಡು, ಬೈಕೋತ.
ಪಿಗ್ಮಿ ಪುಸ್ತಕದ ಹಿಂದ ಬರಕೊಂಡೆ: ನಲವತ್ತೈದು.

ವಾರ ಬಿಟ್ಟು ನೋಡಿದ್ರ
ಗ್ಲಾಸಿನ್ಯಾಗ ಒಂದ ಗುಂಡಿ.
ಹಾಕಿದಾಕಿ ನಾನ.
ಹುಳ ಎಲ್ಲೈತೋ
ನನಗ ಕಾಣವಲ್ದು.