ಬಿಟ್ಟ ನೆಗ್ಗು

ಚಿಂತಾಮಣಿಯ ಹುಣಸೆ ಮಂಡಿಗಳ ಬೆನ್ನಿಗೆ
ಎಂಟಡಿ ಅಗಲ, ಹನ್ನೊಂದಡಿ ಉದ್ದ.
ಬೋರ್ಡಿಲ್ಲ. ಬಾಗಿಲ ಮೇಲೆ
ಯಾರದೋ ಟ್ರಂಪೆಟ್ಟಿನ ಕತ್ತರಿಸಿದ ಬಾಯಿ ನೇತಾಡುತ್ತದೆ,
ಅದರೊಳಗೆ ಗುಬ್ಬಿ ಎರಡು ಸಲ ಸಂಸಾರ ಮಾಡಿ ಹೋಗಿದೆ.

ಮೇಲಿನೆರಡು ಹಲ್ಲು ಹೋದ ವರ್ಷ
ನಾನು ಊದುವುದು ನಿಂತಿತು.
ಮುರುಗಮಲ್ಲದ ಹತ್ತಿರ ಒಂದು ಮದುವೆ, ರಾತ್ರಿ ಮೆರವಣಿಗೆ,
ಜನರೇಟರಿನ ಟ್ರ್ಯಾಕ್ಟರು ಹಿಂದಕ್ಕೆ ಬಂತು.
ಹಲ್ಲು ಸಿಗಲಿಲ್ಲ.
ಟ್ರಂಪೆಟ್ಟು ಸಿಕ್ಕಿತು, ಮೊಣಕೈಯಂತೆ ಮಡಚಿಕೊಂಡಿತ್ತು.
ಅದನ್ನು ನೆಟ್ಟಗೆ ಮಾಡಿದ್ದೇ ಮೊದಲ ರಿಪೇರಿ.

ಕಲಿಸಿದವರು ಕೋಲಾರದ ಪೀರಾನ್ ಸಾಬರು.
ಕೊಡತಿ ಕೈಗೆ ಕೊಡುವ ಮೊದಲು
ಮೂರು ತಿಂಗಳು ಬರೀ ಬೆರಳಲ್ಲಿ ತಡವಿಸಿದರು.
‘ಪ್ರತಿ ಏಟಿಗೂ ಹಿತ್ತಾಳೆ ಬಿಗಿಯುತ್ತೆ ಮಗಾ,
ಮನುಷ್ಯರ ಹಾಗೆ.
ಕಾಯಿಸು, ಸಡಿಲವಾಗಲಿ, ಆಮೇಲೆ ತಟ್ಟು.
ಎಷ್ಟು ತಟ್ಟಬಾರದು ಅನ್ನೋದು ಗೊತ್ತಾದ ದಿನ
ನಿನ್ನದೇ ಅಂಗಡಿ ಹಾಕಿಕೋ.’

ವಾದ್ಯಗಳೆಲ್ಲ ಬರುವುದು ಆಷಾಢದಲ್ಲಿ,
ಮದುವೆಗೆ ರಜೆ, ಇವಕ್ಕೆ ಆಸ್ಪತ್ರೆ.
ದುಡ್ಡು ಬರುವುದು ಕಾರ್ತಿಕ ಕಳೆದ ಮೇಲೆ,
ಬಂದರೆ.
ಅದಕ್ಕೇ ಆಷಾಢದಲ್ಲಿ ಸಾಲ ಕೇಳಬಾರದು,
ಮಾಘದಲ್ಲಿ ಫ್ರಿಜ್ಜು ಕೊಳ್ಳಬಾರದು.
ಅಂಗಡಿಯ ಅರ್ಥಶಾಸ್ತ್ರ ಇಷ್ಟೇ.
ಸತ್ತ ವಾದ್ಯಗಳದ್ದೊಂದು ಅಟ್ಟ ಇದೆ ಮೇಲೆ:
ಒಂದರ ಸ್ಪ್ರಿಂಗು ಇನ್ನೊಂದಕ್ಕೆ, ಇದರ ಮುಚ್ಚಳ ಅದಕ್ಕೆ.
ಹೊಸ ಪಿಸ್ಟನ್ನು ಕೊಳ್ಳಲು ಮೀರಠ್‌ಗೆ ಬರೆದು ನಾಲ್ಕು ವರ್ಷವಾಯಿತು.

ಮೊದಲೆಲ್ಲ ಆಸಿಡ್ಡಿನಲ್ಲಿ ಅದ್ದುತ್ತಿದ್ದೆ.
ಐದು ನಿಮಿಷ, ಫಳಫಳ. ಉಳಿದದ್ದು ಚರಂಡಿಗೆ.
ಒಂದು ಬೆಳಿಗ್ಗೆ ಪಕ್ಕದ ಮನೆಯ ನೂರುನ್ನೀಸಾ
ಹಳೇ ಪೇಪರಿನ ಮೇಲೆ ಸತ್ತ ಬಾತುಕೋಳಿಯನ್ನಿಟ್ಟು
ನನ್ನ ಹೊಸಿಲ ಮುಂದೆ ಬಿಟ್ಟು ಹೋದಳು.
ಬಯ್ಯಲಿಲ್ಲ.
ಬಯ್ದಿದ್ದರೆ ಜಗಳವಾಡಿ ಮರೆಯುತ್ತಿದ್ದೆ.
ಈಗ ಮಂಡಿಯವರು ಗುಡಿಸಿ ಎಸೆವ ಹುಣಸೆ ನಾರು,
ಚಿಟಿಕೆ ಉಪ್ಪು, ಒಂದು ಮಧ್ಯಾಹ್ನ.
ಹಿತ್ತಾಳೆ ನಿಧಾನಕ್ಕೆ ಬಣ್ಣಕ್ಕೆ ಬರುತ್ತದೆ,
ಉಗುರ ಸಂದಿ ಉರಿಯುತ್ತದೆ.

ಸೋರುವುದನ್ನು ಹುಡುಕಲು ಬೀಡಿ ಹೊಗೆ ಇತ್ತು.
ಡಾಕ್ಟರು ಬಿಡಿಸಿದರು.
ಈಗ ಊದುಬತ್ತಿ, ಆಟೋ ಹಾರನ್ನಿನ ರಬ್ಬರ್ ಬುರುಡೆ.
ಒತ್ತಿದರೆ ಹೊಗೆ ಒಳಗೆ ಸುತ್ತಿ ಸುತ್ತಿ
ಎಲ್ಲಿ ಬೆಸುಗೆ ಬಿಟ್ಟಿದೆಯೋ ಅಲ್ಲಿ
ಒಂದೇ ಒಂದು ಬಿಳಿ ಕೂದಲಿನಂತೆ ಹೊರಬರುತ್ತದೆ.
ಸ್ವರಕ್ಕಿಂತ ಹೊಗೆ ಪ್ರಾಮಾಣಿಕ.

ಮೊನ್ನೆ ಕದಿರಪ್ಪ ಬಂದ.
ಹೆಗಲ ಮೇಲೆ ಯೂಫೋನಿಯಂ, ಮಗು ಹೊತ್ತ ಹಾಗಲ್ಲ,
ಮೂಟೆ ಹೊತ್ತ ಹಾಗೆ.
‘ಡಿಜೆ ಬಂದ ಮೇಲೆ ಇದನ್ನ ಯಾರು ಕೇಳ್ತಾರಪ್ಪೋ?
ಗುಜರಿಯವನು ಸಾವಿರದ ನಾನೂರು ಅಂದ.
ನೀನೇ ತಗೊಂಬಿಡು.’
ತಕ್ಕಡಿ ನನ್ನಲ್ಲೂ ಇದೆ.
ತೂಗಿದೆ: ಮೂರು ಕೆಜಿ ಆರುನೂರು.
ತಟ್ಟೆಯ ಮೇಲೆ ಅದು
ತಲೆ ಬೋಳಿಸಿಕೊಳ್ಳಲು ಕೂತವನಂತೆ ಕೂತಿತ್ತು.

‘ವಾರ ಬಿಟ್ಟು ಬಾ’ ಎಂದೆ.

ವಾಲ್ವು ಎರಡು ಹಿಡಿದಿದ್ದವು, ಬಿಡಿಸಿದೆ.
ಬೆಸುಗೆ ಒಂದು ಕಡೆ.
ಕೆಳಗಿನ ದೊಡ್ಡ ಬಾಗಿನಲ್ಲಿ ಅಂಗೈಯಷ್ಟು ನೆಗ್ಗು,
ಬಸ್ಸಿನ ಟಾಪಿನಿಂದ ಬಿದ್ದದ್ದಿರಬೇಕು.
ಬೆರಳಿಟ್ಟು ನೋಡಿದೆ: ಅಲ್ಲಿ ಹಿತ್ತಾಳೆ ಹಪ್ಪಳ.
ಇನ್ನೊಂದು ಸುತ್ತು ತಟ್ಟಿದರೆ ಚಂದವಾಗುತ್ತೆ,
ಆಮೇಲೆ ಹರಿಯುತ್ತೆ.

ನನ್ನ ಬಾಯಿಗೆ ಆಗದ್ದನ್ನು
ನೂರುನ್ನೀಸಾಳ ಮೊಮ್ಮಗಳು ತಸ್ನೀಮ್ ಊದಿ ನೋಡುತ್ತಾಳೆ,
ಹೈಸ್ಕೂಲಿನಲ್ಲಿ ಬ್ಯೂಗಲ್ ಅವಳದೇ.
ಮೊದಲು ಎಮ್ಮೆಕರು ಕೂಗಿತು. ಕದಿರಪ್ಪ ನಕ್ಕ.
ಎರಡನೇ ಸಲ ತುಟಿ ಸಡಿಲಿಸಿದಳು,
ಮಂಡಿಯ ಹಮಾಲರು ಮೂಟೆ ಹೊತ್ತೇ ನಿಂತರು.

ಬಿಲ್ಲು ಬರೆದೆ:
ವಾಲ್ವು ಎರಡು, ಮುನ್ನೂರು.
ಬೆಸುಗೆ ಒಂದು, ನೂರೈವತ್ತು.
ನೆಗ್ಗು ಒಂದು, ಬಿಟ್ಟದ್ದು.

‘ಬಿಟ್ಟದ್ದನ್ನ ಯಾಕೆ ಬರೀತೀಯ?’ ಅಂದ.

ನಾಳೆ ಇದನ್ನು ಬಿಚ್ಚುವವನಿಗೆ ಗೊತ್ತಾಗಲಿ,
ನೋಡಿದ್ದೆ ಅಂತ.