ಚೆಕ್ಕಿಂಗ್ ಟೇಬಲ್ ಮೇಲೆ ಆರು ಡೋನಟ್

ಹಬ್ಬದ ಬೋನಸ್ಸು ಈ ಸಲ ರಟ್ಟಿನ ಡಬ್ಬಿಯೊಳಗೆ ಬಂತು.
ರಾಯಲ್ ಸರ್ಕಲ್ ಹತ್ರ ಹೊಸದಾಗಿ ಗಾಜು ಹಾಕ್ಕೊಂಡು ಕೂತೈತಲ್ಲ,
ಯಾವ ಊರಿಗೆ ಹೋದ್ರೂ ಒಂದೇ ಮುಖದ ಕಾಫಿ ಅಂಗಡಿ,
ಅಲ್ಲಿಂದ. ಓನರ್ ಕಾರಿನ ಹಿಂದಿನ ಸೀಟಲ್ಲಿ
ಹನ್ನೆರಡು ಡಬ್ಬಿ, ಟೇಬಲ್ಲಿಗೊಂದು.

"ಮಾರೆಕ್ಕಾ, ನೀನೇ ಚೆಕ್ ಮಾಡು," ಅಂತ ಎರ್ರಿಸ್ವಾಮಿ ನಕ್ಕ.
ನಕ್ಕರೆ ನಗಲಿ. ಹತ್ತೊಂಬತ್ತು ವರ್ಷದಿಂದ
ಕೌಲ್ ಬಜಾರಿನ ಈ ಶೆಡ್ಡಿನ ಟ್ಯೂಬ್‌ಲೈಟ್ ಕೆಳಗೆ
ದಿನಕ್ಕೆ ನಾನೂರು ಪ್ಯಾಂಟು ತಿರುವಿ ಹಾಕಿದ ಕೈ.
ತಿನ್ನೋ ಮುಂಚೆ ತಿರುವಿ ನೋಡ್ತದೆ. ಅದರ ಹಣೆಬರಹ.

ಆರೂ ಸಾಲಾಗಿ ಇಟ್ಟೆ, ಸೊಂಟ ಮೇಲಕ್ಕೆ ಮಾಡಿ.
ಸೊಂಟ ಇಲ್ಲ. ಸರಿ, ಸುಮ್ಮನೆ ಇಟ್ಟೆ.

ಮೊದಲನೇದು ಒಂದು ಕಡೆ ಊದಿ, ಒಂದು ಕಡೆ ಬತ್ತಿತ್ತು,
ಎಡಗಾಲು ಉದ್ದ ಬಂದ ಪ್ಯಾಂಟಿನ ಹಂಗೆ.
ಎರಡನೇದರ ಚಾಕ್ಲೇಟು ಕಮ್ಮಿ ಕತ್ತರಿಸಿದ ಅಸ್ತರು,
ಅಂಚು ಮುಟ್ಟೋ ಮುಂಚೆನೇ ಬಟ್ಟೆ ಮುಗಿದೈತೆ.
ಮೂರನೇದರ ಮೈತುಂಬ ಬಣ್ಣಬಣ್ಣದ ಚೂರು.
ಬಿಟ್ಟುಹೋದ ದಾರದ ತುದಿ ಅಂದ್ಕೊಂಡು
ಕತ್ತರಿ ತಗೊಂಡೆ. ಖಾಜಾಬನ್ನಿ ಕೈ ಹಿಡಿದಳು:
"ಅದು ಡಿಸೈನು, ಅಕ್ಕಾ."

ಡಿಸೈನು! ನನಗೆ ಗೊತ್ತಿಲ್ದಿದ್ದಾ?
ಮೊಣಕಾಲ ಹತ್ರ ಬ್ಲೇಡಲ್ಲಿ ಗೀರಿದರೆ ಇನ್ನೂರು ರೂಪಾಯಿ ಜಾಸ್ತಿ,
ಅದೇ ಜಾಗ ಸೂಜಿಗೆ ಸಿಕ್ಕಿ ಹರಿದರೆ
ಹೊಲಿದವಳ ಕೂಲಿಯಲ್ಲಿ ಕಟ್ಟು.
ಆ ತೂತಿಗೂ ಈ ತೂತಿಗೂ ಏನು ಫರಕು ಅಂತ ಹೇಳೋಕೇ
ನನಗೆ ಸಂಬಳ.

ನಾಲ್ಕು, ಐದರ ಮಾತು ಬ್ಯಾಡ.

ತೂತಿನ ವಿಷಯಕ್ಕೆ ಬಂದೆ. ಆರಕ್ಕೆ ಆರೂ ಒಂದೇ ಅಳತೆ, ದುಂಡಗೆ.
ಇಂಥ ಕಾಜಾ ನಮ್ಮ ಮಿಷನ್ನಿಗೆ ಯಾವತ್ತೂ ಬಿದ್ದಿಲ್ಲ.
ಗುಂಡಿ ಎಲ್ಲಿ ಅಂತ ಡಬ್ಬಿಯ ತಳ ತಡವಿದೆ.
ಬನ್ನಿ ಬಿದ್ದು ಬಿದ್ದು ನಕ್ಕಳು, ಅವಳ ಹೆಸರಲ್ಲೇ ಕಾಜಾ.
ಗುಂಡಿ ಇರಲಿಲ್ಲ. ಒಂದು ಚೀಟಿ ಅಂಟಿತ್ತು.

ತಾರೀಖು. ಹದಿನೇಳರ ಏಳಕ್ಕೆ ಪೆನ್ನಲ್ಲಿ ಹೊಟ್ಟೆ ಬರೆದು
ಹತ್ತೊಂಬತ್ತು ಮಾಡಿದ್ದರು.
ಪಕ್ಕದಲ್ಲಿ ಅರ್ಧಂಬರ್ಧ ಸಹಿ.
ಆ ಪೆನ್ನು ನನಗೆ ಗೊತ್ತು.
ಲಾಟು ತಡವಾದ ರಾತ್ರಿ ಎರ್ರಿಸ್ವಾಮಿ ಬೆನ್ನ ಹಿಂದೆ ನಿಂತು
"ಬರಿ ಮಾರೆಕ್ಕಾ, ಬರಿ" ಅಂದಾಗ
ನನ್ನ ಬೆರಳ ಸಂದಿಯಲ್ಲಿರೋದೂ ಅದೇ.
ಹೆದ್ದಾರಿ ಪಕ್ಕದ ಯಾವುದೋ ಐಸಿನ ಗೋಡೌನಲ್ಲಿ
ತಲೆಗೆ ಪ್ಲಾಸ್ಟಿಕ್ ಟೋಪಿ ಹಾಕ್ಕೊಂಡು
ಒಬ್ಬಳು ನಿಂತಿರಬೇಕು. ಸ್ವೆಟರ್ ಕೊಟ್ಟಿರ್ತಾರಾ ಅವಳಿಗೆ?

ತಿನ್ನದೆ ತೀರ್ಪು ಹೇಳಬಾರದು. ಮೊದಲನೇದು ಮುರಿದೆ.
ಎಣ್ಣೆಯ ಮಾತು ಬೇರೆ, ಹಿಟ್ಟಿನ ಮಾತು ಬೇರೆ.
ಸಿಹಿಯೊಂದೇ ಮೊದಲು ನುಗ್ಗಿ ಬಾಗಿಲು ಹಾಕ್ಕೊಳ್ತದೆ,
ಹಿಂದೆ ಯಾರೂ ಬರಲ್ಲ,
ಏಲಕ್ಕಿಯಾ, ತುಪ್ಪವಾ, ಯಾರೂ.
ಮೋತಿ ಸರ್ಕಲ್ಲಿನ ದುರುಗಪ್ಪನ ಬಂಡಿಯ ವಡೆಗೂ ತೂತೇ,
ಆದರೆ ಆ ತೂತು ಬೆಂದಿರ್ತದೆ.
ಇದರ ತೂತಿನ ಒಳಗೋಡೆ ಬೆಳ್ಳಗೆ, ಬೆವರಿತ್ತು.

ಐದು ರಿಜೆಕ್ಟ್. ಡಬ್ಬಿ ಮೇಲೆ ಸೀಮೆಸುಣ್ಣದಲ್ಲಿ ಕಾಟು ಹಾಕಿದೆ.
ನೋಡನೋಡುತ್ತಾ ಐದೂ ಖಾಲಿ.
ರಿಜೆಕ್ಟ್ ಮಾಲಿಗೆ ಗಿರಾಕಿ ಇಲ್ಲ ಅಂದೋರ್ಯಾರು?
ಫುಟ್‌ಪಾತಲ್ಲಿ ರಾಶಿ ಹಾಕಿ ನಾವೂ ಮಾರ್ತೀವಿ.

ಆರನೇದು ಬರೀ ಸಕ್ಕರೆಪುಡಿ ಉದುರಿಸಿದ್ದು.
ಎತ್ತಿ ಬೆಳಕಿಗೆ ಹಿಡಿದೆ. ಸುಕ್ಕಿಲ್ಲ, ಸೊಟ್ಟ ಇಲ್ಲ.
ಒತ್ತಿದರೆ ತಗ್ಗಿ, ಕೂಸಿನ ತೊಡೆಯ ಹಂಗೆ ಮತ್ತೆ ಎದ್ದು ಬಂತು.
"ಪಾಸ್!" ಅಂದೆ ಜೋರಾಗಿ. ಯಾರೋ ಸೀಟಿ ಹೊಡೆದರು.

ಕೆಳಗಿಟ್ಟು ನೋಡ್ತೀನಿ,
ಬಿಳಿ ಸಕ್ಕರೆಯ ಮೇಲೆ ನೀಲಿ ಹೆಬ್ಬೆಟ್ಟು.
ಬೆಳಿಗ್ಗೆಯ ಮಾಲಿನ ಬಣ್ಣ. ಸೋಪಿಗೆ ಹೋಗಲ್ಲ, ನಿಂಬೆಹಣ್ಣಿಗೂ ಹೋಗಲ್ಲ.
ಕಲೆ ಇದ್ದರೆ ರಿಜೆಕ್ಟ್: ಗೋಡೆಯ ಬೋರ್ಡಲ್ಲಿ ಮೂರನೇ ಸಾಲು,
ಹೊಸ ಹುಡುಗಿಯರಿಗೆ ನಾನೇ ಬಾಯಿಪಾಠ ಮಾಡಿಸೋದು.

ಖಾಜಾಬನ್ನಿ ನನ್ನ ಮುಖ ನೋಡಿದಳು.
ನಾನು ಡೋನಟ್ಟನ್ನ ತಿರುವಿ ಹಾಕಿದೆ
ಕಲೆ ಕೆಳಗೆ ಹೋಗೋ ಹಂಗೆ,
ಆಮೇಲೆ ಕಚ್ಚಿದೆ,
ಕಲೆಯ ಕಡೆಯಿಂದಲೇ.